ಪಶ್ಚಿಮಕ್ಕೆ ಆ ಮನುಷ್ಯನ ಮನೆ

ಪ್ರೀತಿಯ ಅಪ್ಪನಿಗೆ,

ಒಂದು ವಿಷಯವನ್ನು ನಿನಗೆ ಹೇಳದೆಯೇ ಬಿಟ್ಟುಬಿಡೋಣ ಎಂದುಕೊಂಡಿದ್ದೆ. ನೀನು ಬದುಕಿದ್ದಾಗ ಹೇಳಿದ್ದರೆ ಊಟದ ತಟ್ಟೆ ಪಕ್ಕಕ್ಕೆ ಸರಿಸಿ ಎದ್ದು ಹೋಗುತ್ತಿದ್ದೆ. ಈಗ ಎದ್ದು ಎಲ್ಲಿಗೆ ಹೋಗುತ್ತೀಯ? ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ವಿಷಯ ಪಕ್ಕದ ಮನೆಯ ಓಂಕಾರಪ್ಪನವರದ್ದು. ನೋಡು, ಹೆಸರು ಬರೆದೇಬಿಟ್ಟೆ. ನಮ್ಮ ಮನೆಯಲ್ಲಿ ಅವರಿಗೆ ‘ಆ ಮನುಷ್ಯ’ ಎನ್ನುವುದೇ ಹೆಸರಾಗಿತ್ತಲ್ಲ. ನೀನು ನಡುವೆ ಬಾಯಿ ಹಾಕಲಾರೆ ಎನ್ನುವುದು ಗೊತ್ತಿದ್ದೂ, ಮೊದಲಿನಿಂದ ಹೇಳಿಕೊಂಡು ಬಂದರೇ ವಾಸಿ ಅನ್ನಿಸುತ್ತದೆ.

ಚಿಕ್ಕಮಗಳೂರಿನ ಕಾನ್ವೆಂಟಿನಿಂದ ರಜೆಗೆ ಅಜ್ಜಂಪುರಕ್ಕೆ ಬಂದ ಒಂದು ಬೆಳಿಗ್ಗೆ ನೆನಪಾಗುತ್ತದೆ. ನೀನು ಹಿತ್ತಲಲ್ಲಿ ನಿಂತು ನಮ್ಮ ಎಮ್ಮೆಗೆ, “ಏನೇ ಕೆಂಚಿ, ನಾಳೆ ನಲ್ಲೀಲಿ ನೀರು ಬರಲ್ವಂತೆ ಕಣೇ. ಬೇಕಾದೋರು ಇವತ್ತೇ ತುಂಬಿಸ್ಕೊಳ್ಳೋದು ಒಳ್ಳೇದು” ಎಂದು ಗಟ್ಟಿಯಾಗಿ ಹೇಳುತ್ತಿದ್ದೆ. ಅಪ್ಪನಿಗೆ ಏನಾಯಿತು? ಅಷ್ಟರಲ್ಲಿ ಎದೆಮಟ್ಟದ ಮಣ್ಣುಗೋಡೆಯ ಆಚೆಯಿಂದ ಇನ್ನೊಂದು ದನಿ: “ಕೆಂಚಿ, ನಿಮ್ಮ ಯಜಮಾನ್ರಿಗೆ ಹೇಳು, ನಾಳಿದ್ದೂ ಬರಲ್ವಂತೆ.” ಆಮೇಲೆ ಗೌರ ಚಿಕ್ಕಮ್ಮ ವಿವರಿಸಿದಳು. ನಮ್ಮ ನುಗ್ಗೆಮರದ ಕೊಂಬೆ ಆಚೆಗೆ ಬಾಗಿತ್ತು. ಆಚೆ ಬಿದ್ದ ಕಾಯನ್ನೆಲ್ಲ ವರ್ಷಗಟ್ಟಲೆ ಸಾರು ಮಾಡಿಕೊಂಡು ತಿಂದ ಓಂಕಾರಪ್ಪನವರು, ಕ್ಷೌರದಂಗಡಿಯಲ್ಲಿ ಕೂತು ‘ಮರುಳಸಿದ್ಧಪ್ಪನ ಮನೆ ನುಗ್ಗೆಕಾಯಿ ಕಹಿ’ ಎಂದುಬಿಟ್ಟಿದ್ದರು. ಅವತ್ತಿನಿಂದ ನೀವಿಬ್ಬರೂ ಮಾತು ಬಿಟ್ಟಿದ್ದಿರಿ. ಆದರೆ ನೀರು, ಕರೆಂಟು, ಮಠದ ಸ್ವಾಮಿಗಳ ಬರುವಿಕೆ ಇವನ್ನೆಲ್ಲ ಒಬ್ಬರಿಗೊಬ್ಬರು ಹೇಳದೆ ಅಕ್ಕಪಕ್ಕದಲ್ಲಿ ಬದುಕುವುದಾದರೂ ಹೇಗೆ? ಅದಕ್ಕೆ ಕೆಂಚಿ. ಆಮೇಲೆ ಕೆಂಚಿಯ ಮಗಳು. ಅವಳಿಗೂ ಕೆಂಚಿ ಎಂದೇ ಹೆಸರಿಟ್ಟೆ, ಕೆಲಸ ಅದೇ ಆದ್ದರಿಂದ. ನಾನು ಹಾಸ್ಟೆಲಿಗೆ ಮರಳಿದಾಗ ಈ ಕಥೆಯನ್ನು ಗೆಳತಿಯರಿಗೆ ಇಂಗ್ಲಿಷಿನಲ್ಲಿ ಹೇಳಿ ನಗಿಸಲು ನೋಡಿದೆ. ಯಾರೂ ನಗಲಿಲ್ಲ. ಆ ಭಾಷೆಯಲ್ಲಿ ಅದು ಬರೀ ಹುಚ್ಚಿನ ಹಾಗೆ ಕೇಳಿಸಿತು.

ಎಮರ್ಜೆನ್ಸಿ ಮುಗಿದ ಬೇಸಿಗೆಯಲ್ಲಿ ನಿನಗೆ ಎದೆನೋವು ಬಂತು. ತರೀಕೆರೆಯ ನನ್ನ ಮನೆಯಿಂದ ಓಡಿ ಬಂದೆ. ನೀನು ಹಾಸಿಗೆಯಲ್ಲಿ ಎದ್ದು ಕೂತು, “ಉಯಿಲು ಬರೆದಿಟ್ಟಿದೀನಿ, ಓದು” ಎಂದೆ. ನಿನ್ನ ಹಗ್ಗದಂಗಡಿಯ ಬಿಲ್ಲು ಹಾಳೆಗಳ ಹಿಂಬದಿಯಲ್ಲಿ ಬರೆದದ್ದು. ಎಷ್ಟು ಚೆನ್ನಾಗಿ ಬರೆದಿದ್ದೆ ಅಪ್ಪಾ! ಮಕ್ಕಳು ಸತ್ಯವಂತರಾಗಿರಬೇಕು. ಕಾಫಿಪುಡಿಯನ್ನು ಅಂಗಡಿಯಿಂದ ತರದೆ ಮನೆಯಲ್ಲೇ ಹುರಿಯಬೇಕು. ನುಗ್ಗೆಮರವನ್ನು ಯಾವ ಕಾರಣಕ್ಕೂ ಕಡಿಯಕೂಡದು. ಜಗದೀಶ ಬೀಡಿ ಬಿಡತಕ್ಕದ್ದು. ಕೊನೆಯ ಹಾಳೆಯಲ್ಲಿ, ‘ನನ್ನ ನಾದಿನಿ ಗೌರಮ್ಮನನ್ನು ಎಲ್ಲರೂ ಚೆನ್ನಾಗಿ ನೋಡಿಕೊಳ್ಳತಕ್ಕದ್ದು.’ ಅಮ್ಮ ಹೋದ ಮೇಲೆ ನನ್ನನ್ನೂ ತಮ್ಮ ಜಗದೀಶನನ್ನೂ ಸಾಕಲು ಪಂಚನಹಳ್ಳಿಯಿಂದ ಬಂದವಳು ಚಿಕ್ಕಮ್ಮ. ಗಂಡನಿಲ್ಲ, ಮಕ್ಕಳಿಲ್ಲ, ಹೋಗಲು ಬೇರೆ ಮನೆಯಿಲ್ಲ. ಅವಳು ಇರುವುದು ನಿನ್ನ ಮನೆಯಲ್ಲಿ. ಆ ಮನೆ ಯಾರಿಗೆ ಎಂದು ಹುಡುಕಿದೆ. ಎಲ್ಲೂ ಇರಲಿಲ್ಲ.

“ಅಪ್ಪಾ, ಮನೆ ಯಾರಿಗೆ ಅಂತ ಬರೆದೇ ಇಲ್ವಲ್ಲ?” ಎಂದು ಅವತ್ತು ಕೇಳಿದಾಗ ನಿನ್ನ ಮುಖ ನೋಡಬೇಕಿತ್ತು.

“ಅದನ್ನೇನು ಬರೆಯೋದು? ಗೌರನಿಗೆ ಅಂತ ಊರಿಗೇ ಗೊತ್ತು.”

“ಜಗದೀಶನಿಗೆ ಗೊತ್ತಾ?”

“ಅವನಿಗೆ ನಾನು ಸತ್ತ ಮೇಲೆ ಗೊತ್ತಾಗುತ್ತೆ.”

ಚಿಕ್ಕಮ್ಮ ಬಾಗಿಲ ಹಿಂದಿನಿಂದ, “ನಂಗ್ಯಾಕೆ ಮನೆ? ಒಂದು ಮೂಲೆ ಸಾಕು” ಎಂದಳು. “ನೀನು ಸುಮ್ನಿರೇ, ಉಯಿಲಿನ ಮಧ್ಯ ಮಾತಾಡ್ಬೇಡ” ಎಂದು ಗದರಿದೆ. ನಾನು ವಕೀಲರ ಹೆಸರೆತ್ತಿದ್ದೇ ತಡ, “ಇದನ್ನೇ ಏನು ಕಾನ್ವೆಂಟಲ್ಲಿ ಕಲಿಸಿದ್ದು? ನನ್ನ ಮನಸ್ಸಿನಲ್ಲಿರೋದು ನನಗಿಂತ ವಕೀಲನಿಗೆ ಗೊತ್ತಾ?” ಅಂದೆ. ಗೊತ್ತಿರಲಿಲ್ಲ, ನಿಜ. ಆದರೆ ನಿನ್ನ ಮನಸ್ಸಿನಲ್ಲಿದ್ದದ್ದು ಆ ಹಾಳೆಗಳ ಮೇಲೂ ಇರಲಿಲ್ಲವಲ್ಲ?

ಕೊನೆಗೂ ಜಗಳವಾಡಿ ನಿನ್ನನ್ನು ಕಡೂರಿನ ಪ್ಯಾಸೆಂಜರ್ ರೈಲು ಹತ್ತಿಸಿದೆ. ತರೀಕೆರೆಯಲ್ಲಿ ವಕೀಲರಿಲ್ಲವೇ ಎಂದರೆ, ಅಲ್ಲಿ ಬೆಳಿಗ್ಗೆ ಹೇಳಿದ್ದು ಸಂಜೆಯೊಳಗೆ ನಮ್ಮೂರಿನ ಬಸ್‌ಸ್ಟ್ಯಾಂಡಿಗೆ ಬಂದುಬಿಡುತ್ತೆ ಎಂದಿದ್ದೆ. ಗತ್ತಿಗಿರಲಿ ಎಂದು ಛಾಪಾಕಾಗದ ಬೇರೆ ಕೊಂಡು ತಂದಿದ್ದೆ. ವಕೀಲ ವೆಂಕಟೇಶಯ್ಯನವರು ಅದನ್ನು ನೋಡಿ, “ಉಯಿಲಿಗೆ ಇದು ಬೇಡ. ಬಿಳೀ ಹಾಳೆ ಸಾಕು” ಎಂದಾಗ, ವಾಪಸ್ ಬರುವಾಗ ಬೀರೂರಿನವರೆಗೂ ನೀನು ಅದನ್ನೇ ನೆನೆಸಿಕೊಂಡು ಕೊರಗಿದ್ದು ನನಗೆ ನೆನಪಿದೆ. ಅವರು ನಿನ್ನ ಬಿಲ್ಲು ಹಾಳೆಗಳನ್ನು ಒಂದೊಂದಾಗಿ, ಮರ್ಯಾದೆಯಿಂದಲೇ ಓದಿದರು. ಬೀಡಿಯ ಹತ್ತಿರ ಬಂದಾಗ ಕೈಯಲ್ಲಿದ್ದ ಸಿಗರೇಟನ್ನು ಆರಿಸಿದರು. ಕೊನೆಗೆ ಕನ್ನಡಕ ತೆಗೆದು, “‘ಚೆನ್ನಾಗಿ ನೋಡ್ಕೊಳ್ಳಿ’ ಅನ್ನೋದು ಆಶೀರ್ವಾದ ಯಜಮಾನ್ರೇ. ‘ಈ ಮನೆ ಗೌರಮ್ಮನಿಗೆ ಸೇರಬೇಕು’ ಅನ್ನೋದು ಉಯಿಲು. ನೀವು ಬರೆದಿರೋದರ ಮೇಲೆ ಆ ತಾಯಿಗೆ ಒಂದು ಇಟ್ಟಿಗೇನೂ ಬರಲ್ಲ” ಎಂದರು.

ಅವರೇ ಮುಂದುವರಿಸಿದರು. “ಮನೆ ಅಪ್ಪಂದಾ, ನೀವು ಸಂಪಾದಿಸಿದ್ದಾ?” “ನಾನೇ ಹಗ್ಗ ಮಾರಿ ಕಟ್ಟಿಸಿದ್ದು.” “ಹಾಗಾದ್ರೆ ಅದನ್ನು ಬರೀಬೇಕು, ಸ್ವಯಾರ್ಜಿತ ಅಂತ. ಇಲ್ದಿದ್ರೆ ನಾಳೆ ಪಿತ್ರಾರ್ಜಿತ ಅಂತಾರೆ. ಗೌರಮ್ಮನವರಿಗೆ ಹೇಗೆ ಕೊಡ್ತೀರಿ? ಅವರು ಇರೋತನಕ ವಾಸಕ್ಕೋ, ಪೂರ್ತಿ ಹಕ್ಕಾಗೋ?”

ಹೊರಗೆ ಯಾವುದೋ ಗೂಡ್ಸ್ ರೈಲು ಹಾಯುತ್ತಿತ್ತು. ಅದು ಪೂರ್ತಿ ಹೋಗುವವರೆಗೆ ನೀನು ಆ ಛಾಪಾಕಾಗದವನ್ನು ಮಡಿಸಿ ಬಿಚ್ಚುತ್ತಿದ್ದೆ. ಆಮೇಲೆ, “ಪೂರ್ತಿ. ಮಾರಿ ಕಾಶಿಗೆ ಹೋದ್ರೂ ಅವಳಿಷ್ಟ” ಎಂದೆ. ಅಪ್ಪಾ, ಆ ಮಾತನ್ನು ಚಿಕ್ಕಮ್ಮನ ಎದುರಿಗೆ ಯಾವತ್ತಾದರೂ ಒಮ್ಮೆ ಹೇಳಿದ್ದರೆ…

ಚಕ್ಕುಬಂದಿಯ ಗಲಾಟೆ ಶುರುವಾದದ್ದು ಅದರ ನಂತರ. ಮನೆಯ ನಾಲ್ಕು ದಿಕ್ಕಿಗೆ ಏನೇನಿದೆ ಎಂದು ಬರೆಯಬೇಕಿತ್ತು. ಪೂರ್ವಕ್ಕೆ ಗಾಡಿ ದಾರಿ. ಉತ್ತರಕ್ಕೆ ಬೀದಿ. ದಕ್ಷಿಣಕ್ಕೆ ಮಠದ ಕಣ. ನಿನ್ನ ಹಾಳೆಯಲ್ಲಿ ‘ಪಶ್ಚಿಮಕ್ಕೆ ಆ ಮನುಷ್ಯನ ಮನೆ’ ಎಂದಿತ್ತು.

“ಯಾವ ಮನುಷ್ಯ?”

“ಅಜ್ಜಂಪುರದಲ್ಲಿ ಯಾರನ್ನ ಕೇಳಿದ್ರೂ ಹೇಳ್ತಾರೆ.”

“ಕೋರ್ಟು ಅಜ್ಜಂಪುರದಲ್ಲಿಲ್ಲ ಯಜಮಾನ್ರೇ. ಹೆಸರು ಹೇಳಿ.”

“ನನ್ನ ಬಾಯಲ್ಲಿ ಬರಲ್ಲ.”

“ನಿಮ್ಮ ಮಗಳು ಹೇಳಲಿ.”

“ಅವಳು ಹೇಳಬಹುದು. ಆದ್ರೆ ನನ್ನ ಉಯಿಲಲ್ಲಿ ಆ ಹೆಸರು ಬಂದ್ರೆ ನಾನು ರುಜು ಹಾಕಲ್ಲ. ನಾನು ಸತ್ತ ಮೇಲೂ ಅವನ ಪಕ್ಕದಲ್ಲೇ ಇರಬೇಕಾ?”

ವೆಂಕಟೇಶಯ್ಯನವರು ನಗಲಿಲ್ಲ. ಇಂಥದ್ದನ್ನು ದಿನವೂ ನೋಡುತ್ತಿದ್ದರೋ ಏನೋ. “ಅವರ ತಂದೆ ಜೊತೆ ಹೇಗಿದ್ರಿ?” ಎಂದಷ್ಟೇ ಕೇಳಿದರು. ನಿನ್ನ ಮುಖ ಮೆತ್ತಗಾಯಿತು. “ಹಾಲಪ್ಪನೋರಾ? ದೇವರಂಥೋರು. ಹಗ್ಗ ಹೊಸೆಯೋದು ಕಲಿಸಿದ್ದೇ ಅವರು.” ಹಾಗೆ ನಿನ್ನ ಉಯಿಲಿನಲ್ಲಿ ‘ಪಶ್ಚಿಮಕ್ಕೆ ದಿವಂಗತ ಹಾಲಪ್ಪನವರ ಮಗನ ಮನೆ’ ಎಂದಾಯಿತು. ಹಾಲಪ್ಪನವರಿಗೆ ಒಬ್ಬನೇ ಮಗ ಹೌದೇ ಎಂದು ಎರಡು ಸಲ ಕೇಳಿ ಖಚಿತಪಡಿಸಿಕೊಂಡೇ ಬರೆದರು. ಒಂದು ಗೆರೆಗೆ ಇಷ್ಟು ಕಸರತ್ತೇ ಎಂದು ನಾನು ಆಗ ಬೇಸರಪಟ್ಟುಕೊಂಡದ್ದು ಸುಳ್ಳಲ್ಲ.

ರುಜು ಹಾಕುವ ಭಾನುವಾರ ವಕೀಲರೇ ಅಜ್ಜಂಪುರಕ್ಕೆ ಬಂದರು. ಊರಿನವರೇ ಇಬ್ಬರು ಸಾಕ್ಷಿ ಇರಲಿ ಎಂದಿದ್ದರು. ನೀನು ಆರಿಸಿದ್ದು ಆಸ್ಪತ್ರೆಯ ಕಾಂಪೌಂಡರನ್ನೂ ನಿನ್ನ ಗೆಳೆಯ, ನಿವೃತ್ತ ಹೆಡ್‌ಮಾಸ್ಟರನ್ನೂ. ಕರೆಂಟು ಹೋಗಿ ನಡುಮನೆ ಕತ್ತಲಾಗಿದ್ದರಿಂದ ಎಲ್ಲರೂ ಹಿತ್ತಲಲ್ಲಿ ಚಾಪೆ ಹಾಸಿಕೊಂಡು ಕೂತೆವು. ವಕೀಲರು ಹೆಡ್‌ಮಾಸ್ಟರ ವಯಸ್ಸು ಕೇಳಿದರು. ನಿನಗಿಂತ ದೊಡ್ಡವರೆಂದು ತಿಳಿದಾಗ, “ಸಾಕ್ಷಿ ಚಿಕ್ಕವರಿದ್ರೆ ಒಳ್ಳೇದು. ನಾಳೆ ಕೋರ್ಟು ಕರೆದಾಗ ಬರೋಕೆ ಅವರು ಇರಬೇಕಲ್ಲ” ಎಂದರು.

ಹೆಡ್‌ಮಾಸ್ಟರು ಎದ್ದೇ ನಿಂತರು. “ಏನಂದ್ರಿ? ನಾನು ಇವನಿಗಿಂತ ಮುಂಚೆ ಹೋಗ್ತೀನಿ ಅಂತಾನಾ? ಎದೆನೋವು ಬಂದಿರೋದು ಇವನಿಗೆ ಕಣ್ರೀ, ನನಗಲ್ಲ!”

“ಮೇಷ್ಟ್ರೇ, ಕಾನೂನಿನ ಮಾತು…”

“ಕಾನೂನು ನನ್ನ ನಾಡಿ ಹಿಡಿದು ನೋಡಿದೆಯಾ? ಲೇ ಮರುಳಸಿದ್ಧ, ನೀನೂ ಸುಮ್ನೆ ಕೂತಿದೀಯಲ್ಲೋ?” ಕೊಡೆ ಬಡಿದುಕೊಂಡು ಹೊರಟೇಹೋದರು. ಅವರು ಇವತ್ತಿಗೂ ಗಟ್ಟಿಮುಟ್ಟಾಗಿದ್ದಾರೆ, ಗೊತ್ತಾ? ನನ್ನನ್ನು ಕಂಡಾಗಲೆಲ್ಲ ಎದೆ ತಟ್ಟಿ ತೋರಿಸುತ್ತಾರೆ.

ಆಗ ವಕೀಲರು ಗೋಡೆಯ ಕಡೆ ನೋಡಿದ ರೀತಿ ನನಗೆ ಮರೆಯುವುದಿಲ್ಲ. ಗೋಡೆಯಾಚೆ ಓಂಕಾರಪ್ಪನವರು ಬೇವಿನಕಡ್ಡಿ ಕಚ್ಚಿಕೊಂಡು, ಆಗಿನಿಂದಲೂ ಒಂದೇ ಹಲ್ಲನ್ನು ಉಜ್ಜುತ್ತ ನಿಂತಿದ್ದರು.

“ಅವರು ಯಾರು?”

“ಪಕ್ಕದ ಮನೆಯವರು” ಎಂದೆ ನಾನು.

“ಯಜಮಾನ್ರಿಗಿಂತ ಚಿಕ್ಕವರಾ?” “ಹ್ಞೂಂ” ಎಂದಳು ಚಿಕ್ಕಮ್ಮ. “ಈ ಉಯಿಲಿಂದ ಅವರಿಗೇನಾದ್ರೂ ಸಿಗುತ್ತಾ?” “ಮಣ್ಣು ಸಿಗುತ್ತೆ!” ಎಂದು ನೀನು ಗುಡುಗಿದೆ. ವಕೀಲರ ಮುಖ ಬೆಳಗಿತು. “ನಿಮ್ಮ ಕಡೆಯೋರು ಅಂತ ಯಾರೂ ಹೇಳೋ ಹಾಗಿಲ್ಲ. ಇಂಥ ಸಾಕ್ಷಿ ಹುಡುಕಿದ್ರೂ ಸಿಗಲ್ಲ ಯಜಮಾನ್ರೇ.”

ನೀನು ಚಿಕ್ಕಮ್ಮನ ಮುಖ ನೋಡಿದೆ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ನೀನು ಗಂಟಲು ಸರಿಮಾಡಿಕೊಂಡು ಎಮ್ಮೆಯ ಕಡೆ ತಿರುಗಿದೆ.

“ನೋಡೇ ಕೆಂಚಿ. ಇದು ನನ್ನ ಉಯಿಲು. ಮನೇನ ಗೌರನಿಗೆ ಕೊಟ್ಟಿದೀನಿ. ನನ್ನ ಬುದ್ಧಿ ನೆಟ್ಟಗಿದೆ. ಈಗ ರುಜು ಹಾಕ್ತೀನಿ, ಕಣ್ಣಿರೋರು ನೋಡ್ಕೊಳ್ಳಲಿ. ಕೈ ಇರೋರು ಆಮೇಲೆ ಅವರದ್ದೂ ಹಾಕ್ಲಿ.”

ರುಜು ಹಾಕಿದೆ. ಕಾಂಪೌಂಡರು ಹಾಕಿದರು. ಗೋಡೆಯಾಚೆಯಿಂದ ದನಿ ಬಂತು: “ಕೆಂಚಿ, ನಿಮ್ಮ ಯಜಮಾನ್ರಿಗೆ ಹೇಳು. ನೋಡ್ದೆ. ಪೆನ್ನು ಮಾತ್ರ ಅವರದ್ದೇ ಕೊಡ್ಲಿ. ನನ್ನ ಇಂಕು ಇದಕ್ಕೆ ದಂಡ ಮಾಡಲ್ಲ.” ನಿನ್ನ ಪೆನ್ನನ್ನು ನಾನು ಗೋಡೆಯ ಮೇಲಿಂದ ದಾಟಿಸಿದೆ. ಅವರು ಹಾಳೆಯನ್ನು ಗೋಡೆಯ ಮೇಲೇ ಇಟ್ಟು, ಬೇವಿನಕಡ್ಡಿ ಕಿವಿಗೆ ಸಿಕ್ಕಿಸಿಕೊಂಡು, ನಿಧಾನವಾಗಿ ಪೂರ್ತಿ ಹೆಸರು ಬರೆದರು. ಚಕ್ಕುಬಂದಿಯಲ್ಲಿ ಬೇಡವೆಂದು ಅಷ್ಟು ಹಟ ಹಿಡಿದ ಹೆಸರು ನಿನ್ನ ರುಜುವಿನ ಕೆಳಗೇ ಬಂದು ಕೂತಿತು. ಹಾಳೆಯ ಹಿಂದೆ ಗೋಡೆಯ ಕೆಮ್ಮಣ್ಣು ಹತ್ತಿತ್ತು. ನೀನು ಅದನ್ನು ಒರೆಸಲು ಹೋಗಿ, ಯಾಕೋ ಹಾಗೇ ಬಿಟ್ಟೆ.

ನೀನು ಹೋದ ದಿನದ್ದು ಒಂದು ಮಾತು. ಮುಂಬಾಗಿಲಲ್ಲಿ ಜನ ತುಂಬಿದ್ದರು. ನಾನು ನೀರಿಗೆಂದು ಹಿತ್ತಲಿಗೆ ಹೋದೆ. ಓಂಕಾರಪ್ಪನವರು ಗೋಡೆಗೆ ಎರಡೂ ಕೈ ಊರಿ ನಿಂತಿದ್ದರು. ನನ್ನನ್ನು ನೋಡಲಿಲ್ಲ. “ಕೆಂಚಿ, ನಿಮ್ಮ ಯಜಮಾನ್ರು…” ಎಂದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, “ಕೆಂಚಿ…” ಅದು ಹುಲ್ಲು ಮೆಲ್ಲುವುದನ್ನು ನಿಲ್ಲಿಸಿ ಅವರನ್ನೇ ನೋಡಿತು. ಮುಂದಿನದು ಅವರಿಗೆ ಬರಲಿಲ್ಲ.

ನಿನ್ನ ವರ್ಷಾಬ್ದಿಕ ಮುಗಿದ ಮೇಲೆ ಜಗದೀಶ ಒಂದು ಸಂಜೆ ತರೀಕೆರೆಯ ನನ್ನ ಮನೆಗೆ ಬಂದ. ಮನೆ ಕೆಡವಿ ಲಾಡ್ಜ್ ಕಟ್ಟುತ್ತಾನಂತೆ. “ಅಜ್ಜಂಪುರದಲ್ಲಿ ಯಾರೋ ರೂಮು ಮಾಡ್ಕೊಂಡಿರ್ತಾರೆ?” ಎಂದರೆ, “ಲಾಡ್ಜ್ ಇಲ್ಲ ಅಂತಾನೇ ಯಾರೂ ಬರ್ತಿಲ್ಲ ಕಣೇ” ಎಂದ. ಉಯಿಲು ತೋರಿಸಿದೆ. ದಾವಾ ಹಾಕಿದ. ಸ್ವಯಾರ್ಜಿತ ಎಂದು ಬರೆದು, ಹಗ್ಗದಂಗಡಿಯ ಸಂಪಾದನೆ ಎಂಬುದನ್ನೂ ಸೇರಿಸಿದ್ದರಿಂದ ಆ ದಾರಿ ಮುಚ್ಚಿತ್ತು. ಚಕ್ಕುಬಂದಿಯಲ್ಲಿ ಹಿಡಿಯಲು ಏನೂ ಇರಲಿಲ್ಲ. ಉಳಿದದ್ದು ಒಂದೇ: ನಿನಗೆ ಬುದ್ಧಿ ಸ್ಥಿಮಿತದಲ್ಲಿರಲಿಲ್ಲ ಎನ್ನುವುದು. ಎಮ್ಮೆಯೊಂದಿಗೆ ಮಾತಾಡುವ ಮನುಷ್ಯ! ನನಗೆ ಹಾಸ್ಟೆಲಿನ ಗೆಳತಿಯರ ಮುಖ ನೆನಪಾಯಿತು. ಕಾಂಪೌಂಡರು ವರ್ಗವಾಗಿ ಎಲ್ಲಿದ್ದಾರೋ ತಿಳಿಯಲಿಲ್ಲ. ಚಿಕ್ಕಮ್ಮ ಆಗಲೇ ಟ್ರಂಕಿಗೆ ಸೀರೆ ತುಂಬತೊಡಗಿದ್ದಳು. ಉಳಿದದ್ದು ‘ಆ ಮನುಷ್ಯ’ ಒಬ್ಬರೇ.

ತರೀಕೆರೆ ಕೋರ್ಟಿನಲ್ಲಿ ಅವರು ಒಗೆದ ಪಂಚೆ ಉಟ್ಟು, ಹೆಗಲಿಗೆ ಹೊಸ ಟವೆಲು ಹಾಕಿಕೊಂಡು ಕಟಕಟೆ ಹತ್ತಿದರು. ಜಗದೀಶನ ವಕೀಲ ಚುರುಕಿನ ಹುಡುಗ.

“ಸತ್ತವರು ಎಮ್ಮೆ ಜೊತೆ ಮಾತಾಡ್ತಿದ್ರು, ಹೌದೋ ಅಲ್ವೋ?”

“ಹೌದು ಸ್ವಾಮಿ.”

“ದಿನಾ?”

“ದಿನಾ. ಹಬ್ಬದ ದಿನ ಜಾಸ್ತಿ.”

“ಉಯಿಲಿನ ವಿಷಯಾನೂ ಎಮ್ಮೆಗೆ ಹೇಳಿದ್ರು?”

“ಅದಕ್ಕೇ ಹೇಳಿದ್ದು.”

ಜಗದೀಶನ ಮುಖ ಅರಳಿತು. ಚಿಕ್ಕಮ್ಮ ನನ್ನ ಕೈ ಹಿಡಿದುಕೊಂಡಳು.

“ಬುದ್ಧಿ ಸರಿಯಾಗಿರೋ ಮನುಷ್ಯ ಎಮ್ಮೆ ಹತ್ರ ಉಯಿಲಿನ ಮಾತಾಡ್ತಾನಾ?”

ಓಂಕಾರಪ್ಪನವರು ಟವೆಲನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡರು. “ಸ್ವಾಮಿ, ಮರುಳಸಿದ್ಧಪ್ಪನೋರು ಎಮ್ಮೆ ಹತ್ರ ಮಾತಾಡ್ತಿರಲಿಲ್ಲ. ನನ್ನ ಹತ್ರ ಮಾತಾಡ್ತಿದ್ರು. ನಡುವೆ ಎಮ್ಮೆ ಇರ್ತಿತ್ತು, ಅಷ್ಟೇ.”

ಮುನ್ಸೀಫರು ಪೆನ್ನು ಕೆಳಗಿಟ್ಟರು. “ನೇರವಾಗಿ ಯಾಕೆ ಮಾತಾಡ್ತಿರಲಿಲ್ಲ?”

“ಮಾತು ಬಿಟ್ಟಿದ್ವಿ ಸ್ವಾಮಿ. ನುಗ್ಗೆಕಾಯಿ ವಿಷಯಕ್ಕೆ. ಅದು ಕಹೀನೇ ಸ್ವಾಮಿ, ಪ್ರಮಾಣ ಮಾಡಿ ಹೇಳ್ತಿದೀನಿ.”

“ಕಹಿ ಇರ್ಲಿಲ್ಲ!” ಎಂದು ಚಿಕ್ಕಮ್ಮ ಕೂತಲ್ಲಿಂದಲೇ ಕೂಗಿದಳು. ಜವಾನ ಅವಳನ್ನು ಸುಮ್ಮನಿರಿಸಬೇಕಾಯಿತು.

“ಅಂದ್ರೆ ಶತ್ರುವಿನ ಪರವಾಗಿ ಸಾಕ್ಷಿ ಹೇಳೋಕೆ ಬಂದಿದೀರಿ?” ಹುಡುಗ ವಕೀಲ ಕೊನೆಯ ಪ್ರಯತ್ನ ಮಾಡಿದ.

“ನೋಡಿದ್ದು ಹೇಳೋಕೆ ಬಂದಿದೀನಿ ಸ್ವಾಮಿ. ಸುಳ್ಳು ಹೇಳಿ ಉಪಕಾರ ಮಾಡೋ ಅಷ್ಟು ಚೆನ್ನಾಗಿರ್ಲಿಲ್ಲ ನಾವಿಬ್ರೂ.”

ಇಡೀ ಕೋರ್ಟು ನಕ್ಕಿತು. ಮುನ್ಸೀಫರೂ ಮುಖ ತಗ್ಗಿಸಿಕೊಂಡರು. ನಾನೂ ನಗುತ್ತಿದ್ದೆ, ಕಣ್ಣು ಒರೆಸಿಕೊಳ್ಳುತ್ತ. ವರ್ಷಗಟ್ಟಲೆ ಆಡದ ನಿನ್ನ ಹೆಸರು ಅಷ್ಟು ಸರಾಗವಾಗಿ ಅವರ ಬಾಯಲ್ಲಿ ಬಂದದ್ದು ಹೇಗೆ? ಅಷ್ಟು ವರ್ಷ ಮನೆಯೊಳಗೆ ಅಭ್ಯಾಸ ಮಾಡುತ್ತಿದ್ದರೇ?

ಚಿಕ್ಕಮ್ಮನ ಪರವಾಗಿ ತೀರ್ಪು ಬಂದ ಸಂಜೆ ಜಗದೀಶ ಅಜ್ಜಂಪುರದ ಜಗಲಿಯಲ್ಲಿ ಬಂದು ಕೂತ, ಒಳಗೆ ಬರಲು ಮುಜುಗರ. ಚಿಕ್ಕಮ್ಮ ಹೋಳಿಗೆ ತಟ್ಟೆ ತಂದಿಟ್ಟು, “ತಿನ್ನೋ. ಲಾಡ್ಜ್‌ನಲ್ಲಿ ಇದೆಲ್ಲ ಸಿಗಲ್ಲ” ಎಂದಳು. ತಿಂದ. ಎರಡನೆಯದನ್ನು ಅವನೇ ಕೇಳಿ ಹಾಕಿಸಿಕೊಂಡ. ಬೀಡಿ ಬಿಟ್ಟಿಲ್ಲ. ಆ ಭಾಗವನ್ನು ವಕೀಲರು ಉಯಿಲಿನಿಂದ ತೆಗೆದದ್ದು ತಪ್ಪಾಯಿತೇನೋ.

ಈಗ, ಹೇಳದೆ ಬಿಡಬೇಕೆಂದಿದ್ದ ವಿಷಯ. ಕಳೆದ ತಿಂಗಳು ನಾನು ಅಜ್ಜಂಪುರದ ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದೆ. ಸಾಕಲು ಚಿಕ್ಕಮ್ಮನ ಕೈಲಾಗದೆ ಕೆಂಚಿಯನ್ನು ಬೇರೆಯವರಿಗೆ ಕೊಟ್ಟುಬಿಟ್ಟಾಗಿದೆ, ಕೊಟ್ಟಿಗೆ ಖಾಲಿ. ಓಂಕಾರಪ್ಪನವರು ಗೋಡೆಯ ಹತ್ತಿರ ಬಂದು ಆ ಖಾಲಿ ಕೊಟ್ಟಿಗೆಯ ಕಡೆ ತಿರುಗಿದರು. ಬಾಯಿ ತೆರೆದರು, ಮುಚ್ಚಿದರು. ಆಮೇಲೆ ನನ್ನ ಕಡೆ ನೋಡಿ, “ಮಂಗಳಾ, ನಾನೂ ಒಂದು ಉಯಿಲು ಮಾಡಿಸ್ತಿದೀನಮ್ಮ. ಅದೇ ಕಡೂರಿನ ವಕೀಲ್ರ ಹತ್ರ. ಸಾಕ್ಷಿ ಚಿಕ್ಕೋರಿರಬೇಕು, ಪಾಲು ಇರಬಾರದು, ಕೋರ್ಟಿಗೆ ಕರೆದ್ರೆ ನಿಜ ಹೇಳ್ಬೇಕು. ನೀನು ಬತ್ತೀಯಾ?” ಎಂದರು.

ಹ್ಞೂಂ ಎಂದೆ ಅಪ್ಪಾ. ಊಟದ ತಟ್ಟೆ ಸರಿಸಬೇಡ. ಇನ್ನೂ ಇದೆ.

ಹೋದ ವಾರ ಕರಡು ನೋಡಲು ಅವರ ಜೊತೆ ಕಡೂರಿಗೆ ಹೋಗಿದ್ದೆ. ವೆಂಕಟೇಶಯ್ಯನವರು ಅವರ ಚಕ್ಕುಬಂದಿ ಓದಿದರು. ಅವರ ಮನೆಯ ಪೂರ್ವಕ್ಕೆ ನಾವಲ್ಲವೇ? ‘ಪೂರ್ವಕ್ಕೆ ನನ್ನ ಸ್ನೇಹಿತರಾದ ದಿವಂಗತ ಮರುಳಸಿದ್ಧಪ್ಪನವರಿಂದ ಗೌರಮ್ಮನವರಿಗೆ ಬಂದ ಮನೆ’ ಎಂದಿತ್ತು. ವಕೀಲರು ಪೆನ್ನು ಎತ್ತಿ, “‘ಸ್ನೇಹಿತರಾದ’ ಅನ್ನೋದು ಇಲ್ಲಿ ಬೇಡ. ಚಕ್ಕುಬಂದಿಯಲ್ಲಿ ಅದಕ್ಕೆ ಕೆಲಸವಿಲ್ಲ” ಎಂದರು.

“ಇರ್ಲಿ ಸ್ವಾಮಿ” ಎಂದರು ಓಂಕಾರಪ್ಪನವರು.

ವಕೀಲರು ನನ್ನ ಮುಖ ನೋಡಿದರು. ಒಂದೊಂದು ಪದಕ್ಕೂ ಕಾರಣವಿರಬೇಕೆಂದು ನಿನ್ನ ಜೊತೆ ಜಗಳವಾಡಿ ಅವರ ಬಾಗಿಲಿಗೆ ನಿನ್ನನ್ನು ಕರೆತಂದವಳು ನಾನು. “ಅದಿದ್ದರೆ ಉಯಿಲಿಗೆ ತೊಂದರೆಯಾಗುತ್ತಾ?” ಎಂದು ಕೇಳಿದೆ. “ತೊಂದರೆ ಇಲ್ಲ. ಉಪಯೋಗವೂ ಇಲ್ಲ.” “ಹಾಗಾದ್ರೆ ಇರಲಿ” ಎಂದೆ. ಓಂಕಾರಪ್ಪನವರು ಟವೆಲು ಕೊಡವಿ ಎದ್ದರು. “ಸ್ನೇಹಿತ ಅಂತ ಬರೀರಿ. ಆದ್ರೆ ನುಗ್ಗೆಕಾಯಿ ಮಾತು ಮಾತ್ರ ನಾನು ವಾಪಸ್ ತಗೊಳ್ಳಲ್ಲ.”

ಈ ಪತ್ರಕ್ಕೆ ಅಜ್ಜಂಪುರದ ಮನೆಯ ವಿಳಾಸವನ್ನೇ ಬರೆಯುತ್ತೇನೆ. ಚಿಕ್ಕಮ್ಮ ಒಡೆದು, ಹಿತ್ತಲಿಗೆ ತಂದು, ಯಾರಿಗೂ ಅಲ್ಲ ಎನ್ನುವಂತೆ ಗಟ್ಟಿಯಾಗಿ ಓದುತ್ತಾಳೆ. ಗೋಡೆಯಾಚೆ ಕೇಳಿಸುತ್ತದೆ. ನಿನಗೂ ಕೇಳಿಸಬಹುದು. ಅವರ ಉಯಿಲಿಗೆ ನಾನು ರುಜು ಹಾಕುವ ದಿನವೇ, ನಿನ್ನದೇ ಪೆನ್ನಿನಲ್ಲಿ ಹಾಕಿ, ಕಡೂರು ಸ್ಟೇಷನ್ನಿನ ಅಂಚೆಪೆಟ್ಟಿಗೆಗೆ ಇದನ್ನು ಹಾಕುತ್ತೇನೆ.

ನಿನ್ನ
ಮಂಗಳಾ

ಅಂಚೆಗೆ ಹಾಕುವುದು: ೧೯೮೭ ಜೂನ್ ೧೨, ಶುಕ್ರವಾರ.